ನೀರು ನಿಲ್ಲದ ಕಾರಿನ ಮೇಲೆ ನೀರಿನ ಕಲೆ

ಹೊಸ ಕಾರಿನ ಕಾಗದಪತ್ರಕ್ಕೆ ಸಹಿ ಹಾಕುವ ಹೊತ್ತಿಗೆ ಸರಿಯಾಗಿ ಶೋರೂಮಿನ ಹುಡುಗ ಮೊಬೈಲು ಮುಂದೆ ಹಿಡಿದು ಒಂದು ವಿಡಿಯೊ ತೋರಿಸುತ್ತಾನೆ. ಬಾನೆಟ್ಟಿನ ಅರ್ಧಕ್ಕೆ ಸೆರಾಮಿಕ್ ಕೋಟಿಂಗ್ ಹಚ್ಚಿದೆ, ಉಳಿದರ್ಧ ಬರಿ ಬಣ್ಣ. ನೀರು ಸುರಿದರೆ ಬರಿ ಬಣ್ಣದ ಕಡೆ ಅದು ಚಪ್ಪಟೆಯಾಗಿ ಹರಡಿಕೊಂಡು ಕೂರುತ್ತದೆ. ಹಚ್ಚಿದ ಕಡೆ ಗುಂಡುಗುಂಡಾಗಿ ಕೂಡಿಕೊಂಡು, ಒಂದನ್ನೊಂದು ನುಂಗುತ್ತ, ಇಳಿಜಾರಿನತ್ತ ಓಡಿಬಿಡುತ್ತದೆ. "ಒಮ್ಮೆ ಹಚ್ಚಿಸಿಬಿಡ್ರಿ ಸರ್, ಐದು ವರ್ಷ ಫಿಕರ್ ಇಲ್ಲ." ಸಣ್ಣ ಕಾರಿಗೆ 15–20 ಸಾವಿರ ರೂಪಾಯಿಯಿಂದ ಶುರುವಾಗುವ ಈ ಫಿಕರಿಲ್ಲದ ಬಾಳು ದೊಡ್ಡ ಗಾಡಿಗೆ 50 ಸಾವಿರ ಮುಟ್ಟುವುದೂ ಉಂಟು.

ವಿಡಿಯೊದಲ್ಲಿ ಸುಳ್ಳಿಲ್ಲ. ನೀರು ನಿಜಕ್ಕೂ ಹಾಗೇ ಓಡುತ್ತದೆ. ಆದರೆ ಅದೇ ಕಾರು ಒಂದು ಬೇಸಿಗೆ ಕಳೆದ ಮೇಲೆ ಹೇಗಿದೆ ಎಂಬುದನ್ನು ಬೀದರಿನ ಯಾವುದಾದರೂ ಓಣಿಯಲ್ಲಿ, ಮುಂಜಾನೆಯ ಓರೆ ಬಿಸಿಲಿನಲ್ಲಿ ನೋಡಬೇಕು. ಕೆಎ 38 ಇರಲಿ, ಭಾಲ್ಕಿಯ ಕೆಎ 39 ಇರಲಿ, ಬಾನೆಟ್ಟು, ಟಾಪು, ಡಿಕ್ಕಿಯ ತುಂಬ ಐದಾರು ಮಿಲಿಮೀಟರ್ ಅಗಲದ ಬಿಳಿ ಉಂಗುರಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮಾಯವಾದಂತೆ ಕಾಣುತ್ತವೆ. ಮೈ ಒಣಗಿದರೆ ಮತ್ತೆ ಹಾಜರು. ಪಕ್ಕದ ಮನೆಯ ಕೋಟಿಂಗ್ ಕಾಣದ ಹಳೆ ಕಾರಿನ ಮೇಲೂ ಕಲೆ ಇದೆ, ಆದರೆ ಅದು ಒಟ್ಟಾರೆ ಮಬ್ಬು. ಹೀಗೆ ಚುಕ್ಕಿ ಇಟ್ಟಂತೆ ಎದ್ದು ಕಾಣುವುದಿಲ್ಲ. ನೀರೇ ನಿಲ್ಲದ ಮೈಮೇಲೆ ನೀರಿನ ಕಲೆ ಇಷ್ಟು ಢಾಳಾಗಿ ಕೂತದ್ದು ಹೇಗೆ?

ಇದಕ್ಕೆ ಉತ್ತರ ಸಿಕ್ಕಿದರೆ, ಕೋಟಿಂಗಿಗೆ ದುಡ್ಡು ಹಾಕಬೇಕೋ ಬೇಡವೋ ಎಂಬುದೂ ಹೆಚ್ಚುಕಡಿಮೆ ತೀರ್ಮಾನವಾಗುತ್ತದೆ.

ನಲವತ್ತು ಮೈಕ್ರಾನಿನ ತಿಳಿಪದರ

ಕಾರಿನ ಮೈಮೇಲೆ ಕೈಯಾಡಿಸಿದಾಗ ಬೆರಳಿಗೆ ತಾಗುವುದು ಬಣ್ಣವಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪ್ಲಾಸ್ಟಿಕ್ ಜಾತಿಯ ಒಂದು ಪಾರದರ್ಶಕ ಲೇಪ. ಪೇಂಟರುಗಳು ಕ್ಲಿಯರ್ ಕೋಟ್ ಎನ್ನುವ ಇದನ್ನು ನಾವು ತಿಳಿಪದರ ಎನ್ನೋಣ. ನಾಲ್ಕೂ ಸೇರಿ 100ರಿಂದ 150 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಇರುತ್ತದೆ. ತಿಳಿಪದರದ ಪಾಲು 35ರಿಂದ 50. ಕಾರಿನ ಹೊಳಪೆಲ್ಲ ಇರುವುದು ಇದರಲ್ಲೇ, ಬಿಸಿಲಿನ ನೇರಳಾತೀತ ಕಿರಣ ಹೀರುವ ರಾಸಾಯನಿಕಗಳನ್ನು ಕಾರ್ಖಾನೆಯಲ್ಲಿ ಬೆರೆಸಿಟ್ಟಿರುವುದೂ ಇದರಲ್ಲೇ, ಗೀರು ಬೀಳುವುದೂ ಇದಕ್ಕೇ.

ಸೆರಾಮಿಕ್ ಕೋಟಿಂಗ್ ಈ ತಿಳಿಪದರದ ಮೇಲೆ ಕೂರುವ ಇನ್ನೊಂದು ಪೊರೆ. ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಹಚ್ಚುವ ಮುಂಚೆ ಹಳೆ ಗೀರುಗಳನ್ನು ಅಳಿಸಲು ಯಂತ್ರ ಹಿಡಿದು ಪಾಲಿಶ್ ಮಾಡುತ್ತಾರಲ್ಲ, ಆ ಪಾಲಿಶ್ ತಿಳಿಪದರದಿಂದ ಸವೆಸುವುದೂ ಒಂದೆರಡು ಮೈಕ್ರಾನೇ, ಕೆಲವೊಮ್ಮೆ ಅದಕ್ಕೂ ಹೆಚ್ಚು. ದಪ್ಪದ ಲೆಕ್ಕದಲ್ಲಿ ಕಳೆದದ್ದಕ್ಕೂ ಕೂಡಿಸಿದ್ದಕ್ಕೂ ವಜಾ. ಅಂಗಡಿಯಿಂದ ಹೊರಬಂದ ಕಾರು ಫಳಫಳ ಹೊಳೆಯುವುದು ಬಹುಪಾಲು ಈ ಪಾಲಿಶಿನಿಂದ. ಹೆಸರು ಮಾತ್ರ ಕೋಟಿಂಗಿಗೆ.

ಗವಾನನ ಬಿಲ್ಲೆ, ಬಾಟಲಿಯ ದ್ರವ

ನಿಜವಾದ ಸೆರಾಮಿಕ್ ಹೊದಿಕೆ ಹೇಗಿರುತ್ತದೆಂದು ನೋಡಲು ಬೀದರಿನವರು ದೂರ ಹೋಗಬೇಕಿಲ್ಲ. ಇರಾನಿನ ಗಿಲಾನ್ ಸೀಮೆಯಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ ಮದರಸಾ ಹಳೆ ಊರಿನ ನಡುವೆಯೇ ನಿಂತಿದೆ. ಅದರ ಮುಂಗೋಡೆಗೂ ಮಿನಾರಿಗೂ ಬಣ್ಣದ ಗಾಜುಲೇಪದ ಬಿಲ್ಲೆಗಳನ್ನು ಹೊದಿಸಿದ್ದರು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟ ಮದ್ದಿನ ಪುಡಿ ಸಿಡಿದು ಕಟ್ಟಡದ ಒಂದು ಭಾಗವೇ ಕುಸಿಯಿತು. ಹಾಳಾದ ಕಡೆ ಬಿಲ್ಲೆಗಳು ಗೋಡೆ ಬಿಟ್ಟು ಉದುರಿವೆ. ಗೋಡೆ ಕಚ್ಚಿಕೊಂಡು ಉಳಿದಲ್ಲಿ ನೀಲಿ ಇನ್ನೂ ನೀಲಿಯಾಗಿಯೇ ಇದೆ. ಐದೂವರೆ ಶತಮಾನದ ಬಿಸಿಲು ಮಳೆ ಕಂಡ ಮೇಲೂ! ಯಾಕೆಂದರೆ ಆ ಬಿಲ್ಲೆಗಳನ್ನು ಆವಿಗೆಯಲ್ಲಿ ಸುಟ್ಟು, ಮೇಲಿನ ಲೇಪವನ್ನು ಕರಗಿಸಿ ಗಾಜಾಗಿಸಿದ್ದಾರೆ. ಬಣ್ಣ ಕೂತಿರುವುದು ಆ ಗಾಜಿನೊಳಗೆ.

ಕಾರನ್ನು ಆವಿಗೆಗೆ ಹಾಕಲಾಗದು. ತಿಳಿಪದರ ಅಂಥ ಶಾಖಕ್ಕೆ ಹೊತ್ತಿ ಉರಿದೇ ಹೋಗುತ್ತದೆ. ಹಾಗಾಗಿ ರಸಾಯನಶಾಸ್ತ್ರಜ್ಞರು ಬೆಂಕಿಯ ಕೆಲಸವನ್ನು ಗಾಳಿಯ ತೇವಕ್ಕೆ ಒಪ್ಪಿಸಿದರು. ಬಾಟಲಿಯಲ್ಲಿರುವುದು ಸಿಲಿಕಾನ್ ಇರುವ ಸಣ್ಣ ಅಣುಸರಪಳಿಗಳು, ಬೇಗ ಆರಿಹೋಗುವ ದ್ರಾವಕದಲ್ಲಿ ಕರಗಿದವು. ಬಟ್ಟೆ ಸುತ್ತಿದ ಸ್ಪಂಜಿನಿಂದ ಹಚ್ಚಿದಾಗ ದ್ರಾವಕ ಹಾರಿಹೋಗಿ, ಉಳಿದ ಸರಪಳಿಗಳು ಗಾಳಿಯಲ್ಲಿನ ನೀರಾವಿಯ ಜೊತೆ ವರ್ತಿಸಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಪಾಲಿಸಿಲಜೇನ್ ಎಂಬ ಬಗೆಯ ದ್ರವವಾದರೆ ಈ ಕೊಂಡಿ ಬೀಳುವಾಗ ಅಮೋನಿಯಾ ಹೊರಬರುತ್ತದೆ. ಕೊನೆಗೆ ಉಳಿಯುವುದು ಸಿಲಿಕಾದ ಹತ್ತಿರದ ಸಂಬಂಧಿಯಾದ ಒಂದು ಬಲೆ, ಅದರ ಹೊರಮೈಯಲ್ಲಿ ನೀರನ್ನು ಒಲ್ಲದ ಅಣುಗುಂಪುಗಳು. ಬಲೆ ಪೂರ್ತಿ ಬಿಗಿಯಲು ದಿನಗಳು ಬೇಕು. ಅಲ್ಲಿಯವರೆಗೆ ಕಾರು ತೊಳೆಯಬೇಡಿ ಎನ್ನುವುದು ಇದಕ್ಕೇ. ಗವಾನನ ಬಿಲ್ಲೆಗೂ ಇದಕ್ಕೂ ಸಿಲಿಕಾ ಒಂದೇ, ನಂಟು ಅಷ್ಟಕ್ಕೇ ಮುಗಿಯಿತು.

9ಎಚ್ ಅಂದರೆ ಪೆನ್ಸಿಲ್ಲು

ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ 9ಎಚ್ ಎಂದಿರುತ್ತದೆ. ಗಡಸುತನದ ಅಳತೆ ಎಂದು ಶಾಲೆಯಲ್ಲಿ ನಾವು ಓದಿದ್ದು ಮೋಸ್ ಮಾಪಕ: 1812ರಲ್ಲಿ ಫ್ರೆಡರಿಕ್ ಮೋಸ್ ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿದ, ಯಾವುದು ಯಾವುದನ್ನು ಗೀರುತ್ತದೆ ನೋಡಿ. ಹತ್ತನೆಯದು ವಜ್ರ, ಒಂಬತ್ತನೆಯದು ಕುರುಂದ, ಅಂದರೆ ಮಾಣಿಕ್ಯ ನೀಲಗಳ ಜಾತಿ. ಇದನ್ನು ನೆನಪಿಟ್ಟುಕೊಂಡವರು 9ಎಚ್ ನೋಡಿದಾಗ ಕಾರಿಗೆ ಮಾಣಿಕ್ಯದ ಕವಚ ತೊಡಿಸಿದಂತೆ ಹಿಗ್ಗುತ್ತಾರೆ. ಆ ಹಿಗ್ಗನ್ನು ಕೆಡಿಸಲು ಅಂಗಡಿಯವರು ಯಾರೂ ಮುಂದಾದಂತಿಲ್ಲ.

ಇಲ್ಲಿರುವ 9ಎಚ್ ಚಿತ್ರ ಬಿಡಿಸುವ ಪೆನ್ಸಿಲ್ಲಿನದು. ಎಚ್‌ಬಿ, 2ಎಚ್, 4ಎಚ್ ಎಂದು ಏರುತ್ತ ಹೋದರೆ ಸಾಲಿನ ಕೊನೆಗೆ 9ಎಚ್ ಸಿಗುತ್ತದೆ. ಪರೀಕ್ಷೆ ಸರಳ: ಮೊನೆಯನ್ನು ಸಮತಟ್ಟಾಗಿ ಉಜ್ಜಿದ ಪೆನ್ಸಿಲ್ಲನ್ನು 45 ಡಿಗ್ರಿ ಓರೆಯಲ್ಲಿ, ಸಾಮಾನ್ಯವಾಗಿ 750 ಗ್ರಾಂ ಭಾರ ಹೇರಿದ ಪುಟ್ಟ ಗಾಡಿಯಲ್ಲಿಟ್ಟು, ಲೇಪದ ಮೇಲೆ ತಳ್ಳುವುದು. ಗೀರು ಬೀಳದಿದ್ದರೆ ಆ ಪೆನ್ಸಿಲ್ಲಿಗೆ ಲೇಪ ತಡೆಯಿತು ಎಂದು ಅರ್ಥ. ಬಣ್ಣದ ಉದ್ಯಮದಲ್ಲಿ ಇದು ಒಪ್ಪಿತ ಪರೀಕ್ಷೆ, ಮೋಸವೇನಿಲ್ಲ. ಆದರೆ ಪೆನ್ಸಿಲ್ಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಅದಕ್ಕೆ ತಡೆದ ಲೇಪ ರಸ್ತೆಯ ಮರಳಿಗೂ ತಡೆಯುತ್ತದೆ ಎಂಬ ಭರವಸೆ ಆ ಪರೀಕ್ಷೆಯಲ್ಲಿ ಎಲ್ಲೂ ಇಲ್ಲ.

ಕೆಂಪು ದೂಳು, ಕರಿ ದೂಳು

ಮರಳಿನ ಸಂಗತಿಗೇ ಬರೋಣ. ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಬೇಸಿಗೆಯಲ್ಲಿ ಇಲ್ಲಿನ ಕಾರುಗಳ ಮೇಲೆ ಕೂರುವ ಕೆಂಪು ಹುಡಿ ಕಬ್ಬಿಣದ ಆಕ್ಸೈಡು, ಜೇಡಿ ಮತ್ತು ಸಣ್ಣ ಹರಳುಗಳ ಬೆರಕೆ. ಭಾಲ್ಕಿ, ಔರಾದಿನ ಕಡೆ ಇಳಿದರೆ ಎರೆಭೂಮಿ. ಎರೆಮಣ್ಣಿನ ಜೇಡಿ ಬೆರಳಲ್ಲಿ ಹಿಟ್ಟಿನಷ್ಟು ನುಣ್ಣಗೆ, ಅದು ತಾನಾಗಿ ಏನನ್ನೂ ಗೀರದು. ಆದರೆ ಹೊಲದಿಂದ ಟ್ರ್ಯಾಕ್ಟರ್ ಗಾಲಿ ಹೊತ್ತು ತಂದ ಆ ಮಣ್ಣು ರಸ್ತೆಯಲ್ಲಿ ಒಣಗಿ ಪುಡಿಯಾಗುವಾಗ ಜಲ್ಲಿಯ ಕರಿಕಲ್ಲಿನ ಚೂರು, ಕಟ್ಟಡದ ಮರಳು ಎಲ್ಲ ಅದರೊಳಗೆ ಸೇರಿಬಿಡುತ್ತವೆ. ಕರಿಕಲ್ಲಿನ ಖನಿಜಗಳು ಮೋಸ್ ಮಾಪಕದಲ್ಲಿ 5ರಿಂದ 6. ಮರಳಿನಲ್ಲಿರುವ ಬೆಣಚು 7. ಕಿಟಕಿಯ ಗಾಜೇ ಐದೂವರೆಯ ಆಸುಪಾಸು. ಅಂದ ಮೇಲೆ ಬೆಣಚಿನ ಕಣಕ್ಕೆ ಗಾಜೂ ಮಣಿಯುತ್ತದೆ, ತಿಳಿಪದರವಂತೂ ಲೆಕ್ಕಕ್ಕೇ ಇಲ್ಲ. ಮೇಲೆ ಎರಡು ಮೈಕ್ರಾನಿನ ಪೊರೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಆದರೆ ಗಾಳಿಯಲ್ಲಿ ತೇಲಿ ಬಂದು ಕೂತ ಕಣ ತಾನಾಗಿ ಗೀರುವುದಿಲ್ಲ. ಗೀರಲು ಎರಡು ಬೇಕು: ಮೇಲಿಂದ ಒತ್ತುವ ಭಾರ, ಪಕ್ಕಕ್ಕೆ ಎಳೆಯುವ ಕೈ. ಎರಡನ್ನೂ ನಾವೇ ಒದಗಿಸುತ್ತೇವೆ. ಬೆಳಗ್ಗೆ ಎದ್ದು ಡಿಕ್ಕಿಯಲ್ಲಿರುವ ಹಳದಿ ಬಟ್ಟೆ ತೆಗೆದು ಒಣ ಕಾರಿನ ಮೇಲೆ ಸುತ್ತ ಸುತ್ತ ಒರೆಸುವುದು ನಮ್ಮಲ್ಲಿ ಗಾಡಿಯ ಮೇಲಿನ ಪ್ರೀತಿಯ ಲಕ್ಷಣ. ಕಾರಿನ ಬಣ್ಣಕ್ಕೆ ಬಿಸಿಲಿಗಿಂತ ಹೆಚ್ಚು ಬೇಗ ಕಾಣುವ ಹಾನಿ ಆಗುವುದು ಈ ಪ್ರೀತಿಯಿಂದ. ಬಟ್ಟೆಗೆ ಸಿಕ್ಕ ಒಂದೊಂದು ಕಣವೂ ಒಂದು ಮೈಕ್ರಾನಿನ ಸುತ್ತಮುತ್ತ ಆಳದ ಒಂದೊಂದು ಗೆರೆ ಎಳೆಯುತ್ತದೆ. ಬಿಸಿಲಿನಲ್ಲಿ ನಿಂತು ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಸುಳಿಸುಳಿಯಾಗಿ ಗೀರುಗಳು ಕಾಣುತ್ತವೆ. ಒಂದು ತಮಾಷೆ: ಆ ಗೀರುಗಳು ಸುಳಿಯಾಗಿ ಬಿದ್ದಿರಬೇಕೆಂದೇನಿಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದ ಗೆರೆಗಳಲ್ಲಿ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸಬಲ್ಲವು ಪ್ರತಿಬಿಂಬಕ್ಕೆ ಸುತ್ತು ಹಾಕಿದ ದಿಕ್ಕಿನಲ್ಲಿರುವ ಗೆರೆಗಳು ಮಾತ್ರ. ಉಳಿದವು ಮರೆಯಾಗಿ ಇವಷ್ಟೇ ಹೊಳೆಯುತ್ತವೆ. ನೀವು ಒಂದು ಹೆಜ್ಜೆ ಸರಿದರೆ ಸುಳಿಯೂ ನಿಮ್ಮ ಜೊತೆ ಸರಿಯುತ್ತದೆ. ಬಿಳಿ ಕಾರಿಗೂ ಇಷ್ಟೇ ಗೀರು ಬಿದ್ದಿರುತ್ತದೆ, ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ಅಂಟು ಬೇರೆ, ಗೀರು ಬೇರೆ

ಹಾಗಾದರೆ ಕೋಟಿಂಗ್ ಮಾಡುವ ಕೆಲಸ ಏನು? ಅಡುಗೆಮನೆಯಲ್ಲಿ ಪಳಗಿದ ಕಬ್ಬಿಣದ ದೋಸೆ ಹಂಚನ್ನು ನೆನೆಯಿರಿ. ಹೊಸ ಹಂಚಿಗೆ ಎಣ್ಣೆ ಸವರಿ ಕಾಯಿಸಿ, ಮತ್ತೆ ಸವರಿ ಕಾಯಿಸಿ, ವಾರಗಟ್ಟಲೆ ಪಳಗಿಸುತ್ತಾರೆ. ಆಗ ಆಗುವುದೇನೆಂದರೆ, ಎಣ್ಣೆಯ ಅಣುಗಳು ಶಾಖಕ್ಕೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಬ್ಬಿಣದ ಮೇಲೆ ತೆಳ್ಳಗಿನ ಕರಿ ಪೊರೆಯಾಗುತ್ತವೆ. ಆ ಪೊರೆ ಬಂದ ಮೇಲೆ ದೋಸೆ ತಾನಾಗಿ ಏಳುತ್ತದೆ. ಅದೇ ಹಂಚಿನ ಮೇಲೆ ಕಬ್ಬಿಣದ ಸಟ್ಟುಗ ಹಾಕಿ ಕೆರೆದರೆ? ಪೊರೆ ಗೀರಿಹೋಗುತ್ತದೆ. ದೋಸೆ ಅಂಟದಂತೆ ಮಾಡಿದ ಪೊರೆ ಸಟ್ಟುಗವನ್ನು ತಡೆಯುತ್ತೇನೆಂದು ಯಾವತ್ತೂ ಮಾತು ಕೊಟ್ಟಿರಲಿಲ್ಲ. ಬಾಟಲಿಯ ಸಿಲಿಕಾ ಪೊರೆಯೂ ಹೀಗೆ ಕೊಂಡಿ ಬಿದ್ದು ಆದದ್ದು, ಅದರ ಸಾಮರ್ಥ್ಯವೂ ಅದರ ಮಿತಿಯೂ ಇಷ್ಟೇ.

ಅಂಟುವುದು ಎಂದರೇನು? ಯಾವುದೇ ವಸ್ತುವಿನ ಒಳಗಿರುವ ಅಣುವನ್ನು ಎಲ್ಲ ಕಡೆಯಿಂದಲೂ ನೆರೆಯ ಅಣುಗಳು ಹಿಡಿದುಕೊಂಡಿರುತ್ತವೆ. ಹೊರಮೈಯಲ್ಲಿರುವ ಅಣುವಿಗೆ ಮೇಲಿನ ಕಡೆ ಯಾರೂ ಇಲ್ಲ. ಅದರ ಒಂದು ಕೈ ಖಾಲಿ. ಆ ಖಾಲಿ ಕೈ ಹತ್ತಿರ ಬಂದದ್ದನ್ನು, ನೀರೋ ಎಣ್ಣೆಯೋ ದೂಳೋ, ಹಿಡಿದುಕೊಳ್ಳುತ್ತದೆ. ಇದನ್ನು ಮೇಲ್ಮೈ ಸೆಳೆತ ಎನ್ನೋಣ. ಸೆಳೆತ ಜೋರಾಗಿದ್ದರೆ ನೀರು ಹರಡಿ ಅಪ್ಪಿಕೊಳ್ಳುತ್ತದೆ. ಸೆಳೆತ ಕಡಿಮೆಯಿದ್ದರೆ ನೀರಿನ ಅಣುಗಳಿಗೆ ತಮ್ಮತಮ್ಮಲ್ಲೇ ಸ್ನೇಹ ಹೆಚ್ಚಾಗಿ ಗುಂಡಗೆ ಕೂಡಿಕೊಳ್ಳುತ್ತವೆ. ಹನಿಯ ಅಂಚು ತಳಕ್ಕೆ ಎಷ್ಟು ಕೋನದಲ್ಲಿ ತಾಗಿದೆ ಎಂಬುದೇ ಈ ಸೆಳೆತದ ಅಳತೆ. ಒಳ್ಳೆ ಕೋಟಿಂಗಿನ ಮೇಲೆ ಅದು 100–110 ಡಿಗ್ರಿ. ಒಳ್ಳೆ ಮೇಣ ಹಚ್ಚಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ವ್ಯತ್ಯಾಸ ಬಾಳಿಕೆಯಲ್ಲಿದೆ. ನಮ್ಮ ಬಿಸಿಲಿಗೆ ಮೇಣ ಒಂದೆರಡು ತಿಂಗಳಲ್ಲಿ ಕರಗಿ ತೊಳೆದು ಹೋದರೆ, ಕೋಟಿಂಗ್ ಒಂದೆರಡು ವರ್ಷವಾದರೂ ನಿಲ್ಲುತ್ತದೆ. ಕಮಲದ ಎಲೆಯ ಮೇಲೆ ಈ ಕೋನ 150 ಡಿಗ್ರಿಗೂ ಹೆಚ್ಚು. ಎಲೆಯ ಮೇಣದ ಜೊತೆಗೆ ಅದರ ಮೈಮೇಲಿನ ಕಣ್ಣಿಗೆ ಕಾಣದ ಗುಬುಟುಗಳು ಇದಕ್ಕೆ ಕಾರಣವೆಂದು ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಟ್ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ತೋರಿಸಿದರು. ಕಾರಿನ ಪೊರೆಗೆ ಅಂಥ ಗುಬುಟುಗಳಿಲ್ಲ. ಇದ್ದರೆ ಹೊಳಪೇ ಇರುತ್ತಿರಲಿಲ್ಲ.

ಈಗ ಎರಡನ್ನೂ ಕೂಡಿಸಿ ನೋಡಿ. ಸೆಳೆತ ಕಡಿಮೆಯಾದ ಮೈಯಿಂದ ನೀರಿನ ರಭಸಕ್ಕೇ ಹೆಚ್ಚು ದೂಳು ಕಳಚಿಕೊಳ್ಳುತ್ತದೆ. ಹನಿ ಉರುಳುವಾಗ ಕಣಗಳನ್ನು ಎತ್ತಿಕೊಂಡು ಹೋಗುತ್ತದೆ. ಆಮೇಲೆ ಬಟ್ಟೆ ಹಿಡಿದ ಕೈ ಬರುವ ಹೊತ್ತಿಗೆ ಗೀರಲು ಉಳಿದ ಕಣಗಳೇ ಕಡಿಮೆ. ಹೀಗೆ ಕೋಟಿಂಗ್ ಗೀರನ್ನು ತಡೆಯುವುದು ಸುತ್ತುಬಳಸಿ, ನೀವು ನೀರು ಹಾಕಿ ತೊಳೆಯುವ ದಾರಿಯಿಂದ. ಒಣ ಬಟ್ಟೆಯಲ್ಲಿ ಒರೆಸುವವರ ಮಟ್ಟಿಗೆ ಆ ದಾರಿ ಮುಚ್ಚಿದೆ. ಅವರ ಕಾರಿನಲ್ಲಿ ಮೊದಲು ಗೀರುವುದು 20 ಸಾವಿರದ ಪೊರೆ, ಆಮೇಲೆ ತಿಳಿಪದರ.

ಒಂದು ಹನಿಯ ಲೆಕ್ಕ

ಬಿಳಿ ಉಂಗುರಗಳ ಗುಟ್ಟೂ ಇದೇ ಸೆಳೆತದಲ್ಲಿದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಆ 600ರ ನೀರನ್ನೇ ತೆಗೆದುಕೊಳ್ಳೋಣ, ತೊಗರಿಬೇಳೆ ಬೇಯಲು ಹಟ ಮಾಡುವ ಬೋರ್‌ವೆಲ್ ನೀರು. 20 ಲೀಟರಿನ ಒಂದು ಬಕೆಟ್ಟಿನಲ್ಲಿ 12 ಗ್ರಾಂ ಸುಣ್ಣದ ಜಾತಿಯ ಲವಣ ಕರಗಿರುತ್ತದೆ. ಒಂದು ಮಿಲಿಲೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟಿರುವ ಹನಿಯಲ್ಲಿ 0.03 ಮಿಲಿಗ್ರಾಂ. ಇದೇನು ಮಹಾ ಎನಿಸಬಹುದು. ಆ ಹನಿ ಕೋಟಿಂಗಿನ ಮೇಲೆ ಗುಂಡಗೆ, 6 ಮಿಲಿಮೀಟರ್ ಅಗಲದ ತಳದ ಮೇಲೆ ನಿಂತು ಒಣಗಿತು ಎನ್ನಿ. ನೀರು ಆವಿಯಾದ ಮೇಲೆ ಉಳಿಯುವ ಸುಣ್ಣದ ಸರಾಸರಿ ದಪ್ಪ ಸುಮಾರು 0.4 ಮೈಕ್ರಾನ್. ನೀವು ಹಣ ಕೊಟ್ಟು ಹಚ್ಚಿಸಿದ ಪೊರೆಯೇ ಒಂದೆರಡು ಮೈಕ್ರಾನ್ ಎಂಬುದನ್ನು ಮರೆಯಬೇಡಿ. ಅದೇ ಹನಿ ಕೋಟಿಂಗ್ ಇಲ್ಲದ ಹಳೆ ಬಣ್ಣದ ಮೇಲೆ 12 ಮಿಲಿಮೀಟರಿಗೆ ಹರಡಿದ್ದರೆ ದಪ್ಪ ನಾಲ್ಕನೇ ಒಂದಕ್ಕೆ ಇಳಿದು, ಗಡಿಯೇ ಇಲ್ಲದ ಮಬ್ಬಾಗಿ ಕಾಣುತ್ತಿತ್ತು. ಲವಣ ಎರಡರಲ್ಲೂ ಅಷ್ಟೇ. ಕೋಟಿಂಗ್ ಅದನ್ನು ಒಂದೆಡೆ ಗುಡ್ಡೆ ಹಾಕಿತು.

ಗುಡ್ಡೆ ನಡುವೆ ಇರದೆ ಉಂಗುರವಾಗುವುದಕ್ಕೆ ಇನ್ನೊಂದು ಕಾರಣ. ಹನಿಯ ಅಂಚು ಒಮ್ಮೆ ಒಂದು ಗೀರಿಗೋ ದೂಳಿನ ಕಣಕ್ಕೋ ಸಿಕ್ಕಿಕೊಂಡರೆ ಸರಿಯುವುದಿಲ್ಲ. ಅಂಚಿನಲ್ಲಿ ಕಳೆದುಹೋದ ನೀರನ್ನು ತುಂಬಲು ಹನಿಯ ನಡುವಿನಿಂದ ನೀರು ಹೊರಮುಖವಾಗಿ ಹರಿಯುತ್ತ ಹೋಗುತ್ತದೆ, ಹೋಗುವಾಗ ಲವಣದ ಕಣಗಳನ್ನೂ ಹೊತ್ತೊಯ್ದು ಅಂಚಿಗೆ ಸುರಿಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚು ಕಪ್ಪಗೆ, ನಡು ತಿಳಿಯಾಗಿರುವುದು ಇದೇ ಕಾರಣಕ್ಕೆ. ಷಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇದನ್ನು ವಿವರಿಸಿದ್ದೂ 1997ರಲ್ಲೇ. ಮನೆಯಲ್ಲೇ ನೋಡಬೇಕೆಂದರೆ ಉಜ್ಜಿ ತೊಳೆದ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬೋರ್‌ವೆಲ್ ನೀರು, ಒಂದು ಹನಿ ಮಳೆನೀರು, ಒಂದು ಹನಿ ಫಿಲ್ಟರ್ ನೀರು ಇಟ್ಟು ಬಿಸಿಲಿಗಿಡಿ. ಒಣಗಿದ ಮೇಲೆ ಯಾವುದು ಎಲ್ಲಿತ್ತೆಂದು ಹೇಳಿಕೊಡಬೇಕಾಗುವುದಿಲ್ಲ.

ನೀರಿನ ಗಡಸುತನ ಜಿಲ್ಲೆಯ ಎಲ್ಲ ಕಡೆ ಒಂದೇ ಸಮ ಇಲ್ಲ. ಜಂಬಿಟ್ಟಿಗೆ ಎಂದರೆ ಲಕ್ಷಾಂತರ ವರ್ಷಗಳ ಮಳೆ ತನ್ನೊಳಗಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋದ ಮೇಲೆ ಉಳಿದ ಕಲ್ಲು. ತೂತುತೂತಾದ ಅದರೊಳಗೆ ಇಳಿದ ನೀರು ಕೆಳಗಿನ ಕರಿಕಲ್ಲು ಸಿಕ್ಕಲ್ಲಿ ತಡೆದು ನಿಲ್ಲುತ್ತದೆ. ಬಹಮನಿಗಳ ಕಾಲದಲ್ಲಿ ನೌಬಾದಿನಲ್ಲಿ ಕೊರೆದ ಸುರಂಗ ಬಾವಿ, ಕರೇಜ್, ಹಿಡಿದು ತಂದದ್ದು ಈ ನೀರನ್ನು. ಅದರಲ್ಲಿ ಸುಣ್ಣ ಸೇರಲು ಆಸ್ಪದ ಕಡಿಮೆ. ಇಂದಿನ ಆಳದ ಬೋರ್‌ವೆಲ್ ಮಾತ್ರ ಜಂಬಿಟ್ಟಿಗೆಯನ್ನು ದಾಟಿ ಸುಮಾರು 6.6 ಕೋಟಿ ವರ್ಷ ಹಳೆಯ ಲಾವಾ ಪದರಗಳಿಗೆ ಇಳಿಯುತ್ತದೆ. ಆ ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಜೊತೆಗೆ ಕರಗಿದ ಸಿಲಿಕಾ ಎಲ್ಲ ನೀರಿಗೆ ಬರುತ್ತವೆ. ಭಾಲ್ಕಿ, ಔರಾದಿನ ಬಹುಭಾಗದಲ್ಲಿ ಜಂಬಿಟ್ಟಿಗೆಯ ಮರೆಯೂ ಇಲ್ಲ. ಎರೆಮಣ್ಣಿನೊಳಗೆ ಸುಣ್ಣದ ಹರಳುಗಳೇ ಸಿಗುತ್ತವೆ. ಸುಣ್ಣದ ಕಲೆ ತೆಳು ವಿನೆಗರಿಗೆ ಕರಗುತ್ತದೆ, ಒಂದೆರಡು ನಿಮಿಷದಲ್ಲಿ ತೊಳೆದುಬಿಡಬೇಕಷ್ಟೇ. ಸಿಲಿಕಾದ ಕಲೆ ವಿನೆಗರಿಗೂ ಜಗ್ಗುವುದಿಲ್ಲ. ಕೆಳಗಿರುವ ಪೊರೆಯೂ ಸಿಲಿಕಾ, ಮೇಲೆ ಕೂತದ್ದೂ ಸಿಲಿಕಾ! ಅಂಥದ್ದು ಗಟ್ಟಿಯಾದರೆ ಮತ್ತೆ ಪಾಲಿಶ್ ಯಂತ್ರವೇ ಗತಿ, ಪಾಲಿಶ್ ಮಾಡಿದರೆ ಕೋಟಿಂಗೂ ಹೋಗುತ್ತದೆ.

ನೀರಿನ ಹನಿ ಭೂತಗನ್ನಡಿಯಾಗಿ ಬಿಸಿಲನ್ನು ಕೂಡಿಸಿ ಬಣ್ಣ ಸುಡುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ. ಮೈಗೆ ತಾಗಿ ಕೂತ ಹನಿಯಲ್ಲಿ ಬೆಳಕು ಕೂಡುವ ಬಿಂದು ಮೈಗಿಂತ ಕೆಳಗೆಲ್ಲೋ ಇರುತ್ತದೆ.

ಬಿಸಿಲು, ಹಿಕ್ಕೆ, ಕುಂಕುಮ

"ಯುವಿ ತಡೆಯುತ್ತದೆ" ಎಂಬುದು ಎರಡನೇ ದೊಡ್ಡ ಮಾತು. ಮನೆಯ ನೀರು ಶುದ್ಧೀಕರಿಸುವ ಯಂತ್ರದೊಳಗೆ ಯುವಿ ದೀಪ ಇರುತ್ತದೆ; ಅದರ ಸುತ್ತಲಿನ ಕೊಳವೆ ಯಾವುದರದ್ದು ಗೊತ್ತೆ? ಶುದ್ಧ ಸಿಲಿಕಾದ್ದು. ಯುವಿ ಕಿರಣವನ್ನು ಚೆನ್ನಾಗಿ ಹೊರಗೆ ಬಿಡುತ್ತದೆ ಎಂಬ ಕಾರಣಕ್ಕೇ ಅದನ್ನು ಆರಿಸಿದ್ದಾರೆ. ಕೋಟಿಂಗಿನಲ್ಲಿ ಯುವಿ ಹೀರುವ ವಸ್ತು ಬೇರೆಯಾಗಿ ಬೆರೆಸಿದ್ದರೂ ಒಂದೆರಡು ಮೈಕ್ರಾನಿನಲ್ಲಿ ಎಷ್ಟು ಹಿಡಿಸೀತು? ಆ ಕೆಲಸ ಮಾಡುತ್ತಿರುವುದು ಕೆಳಗಿನ 40 ಮೈಕ್ರಾನಿನ ತಿಳಿಪದರ. ಅದನ್ನು ಪದೇ ಪದೇ ಪಾಲಿಶ್ ಮಾಡಿ ಸವೆಸದಿರುವುದೇ ಬಿಸಿಲಿಗೆ ನಾವು ಕೊಡಬಹುದಾದ ಉತ್ತರ.

ಹಿಕ್ಕೆಯ ವಿಷಯದಲ್ಲಿ ಕೋಟಿಂಗಿಗೆ ಸ್ವಲ್ಪ ಅಂಕ ಕೊಡಬೇಕು. ಬೇವಿನ ಮರದಡಿ ನಿಲ್ಲಿಸಿದ ಕಾರಿನ ಕಪ್ಪು ತಗಡು ಬೇಸಿಗೆ ಮಧ್ಯಾಹ್ನ ಬಿಸಿಲು ಸರಿದು ಬಂದಾಗ 70 ಡಿಗ್ರಿಯವರೆಗೆ ಕಾಯುತ್ತದೆ. ಆಗ ತಿಳಿಪದರ ಮೆತ್ತಗಾಗುತ್ತದೆ. ಮೇಲಿದ್ದ ಹಿಕ್ಕೆ ಒಣಗಿ ಗಟ್ಟಿಯಾಗಿ, ಸಂಜೆ ತಗಡು ತಣಿದಾಗ ತಿಳಿಪದರ ಅದರ ಉಬ್ಬುತಗ್ಗಿಗೇ ಅಚ್ಚೊತ್ತಿಕೊಂಡು ಬಿಗಿಯುತ್ತದೆ. ಹಿಕ್ಕೆಯ ಆಮ್ಲವೂ ಕೈ ಜೋಡಿಸುತ್ತದೆ. ಕೋಟಿಂಗ್ ಈ ಆಮ್ಲವನ್ನು ಕೆಲವು ಗಂಟೆ ತಡೆದೀತು, ಬೇಗ ಒರೆಸಿ ತೆಗೆಯಲೂ ಬರುತ್ತದೆ. ದಿನಗಟ್ಟಲೆ ಬಿಟ್ಟರೆ ಅಚ್ಚು ಬೀಳುವುದನ್ನು ತಪ್ಪಿಸಲಾರದು. ಝರಣಿ ನರಸಿಂಹನ ಗುಡಿಯ ಮುಂದೆ ಬಾನೆಟ್ಟಿಗೆ ಬರೆದ ಸ್ವಸ್ತಿಕದ ಅರಿಸಿನ ಕುಂಕುಮವೂ ಅಷ್ಟೇ: ಕೋಟಿಂಗ್ ಇದ್ದರೆ ನೀರಿಗೇ ಬಿಡುತ್ತದೆ, ಇಲ್ಲದಿದ್ದರೆ ಅರಿಸಿನದ ಹಳದಿ ಬಿಸಿಲಿಗೆ ತಾನಾಗಿ ಮಾಸುವವರೆಗೆ ಕಾಯಬೇಕು.

ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿ ರಸ್ತೆಯ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡವರಿಗೆ ಗಾಲಿಯಿಂದ ಸಿಡಿಯುವ ಹರಳಿನ ಅನುಭವ ಇದ್ದೇ ಇರುತ್ತದೆ. ಅದಕ್ಕೆ ಯಾವ ದ್ರವವೂ ನಡೆಯದು. ಪಿಪಿಎಫ್ ಎಂಬ, 150–200 ಮೈಕ್ರಾನ್ ದಪ್ಪದ ಪಾಲಿಯುರಿಥೇನ್ ಹಾಳೆ ಮಾತ್ರ ಅಂಥ ಏಟನ್ನು ನುಂಗಬಲ್ಲದು. ಇಡೀ ಕಾರಿಗೆ ಅದರ ಬೆಲೆ ಲಕ್ಷದ ಮಾತು. ಬಂಪರಿಗೂ ಬಾನೆಟ್ಟಿನ ಮುಂದಂಚಿಗೂ ಹಾಕಿಸಿದರೆ ಸಾಕು.

ಹಚ್ಚಿಸಬೇಕೆ?

ಕಾರು ಹೊಸದು, ಬಣ್ಣ ಗಾಢ, ನಿಲ್ಲುವುದು ನೆರಳಿನಲ್ಲಿ, ತೊಳೆಯುವವರು ನೀವೇ. ಮೊದಲು ಪೈಪಿನ ನೀರು ಬಿಟ್ಟು ದೂಳಿಳಿಸಿ, ಸಾಬೂನಿಗೊಂದು ಬಕೆಟ್ಟು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ಟು ಇಟ್ಟುಕೊಂಡು, ಕೊನೆಗೆ ಮೈಕ್ರೋಫೈಬರ್ ಟವೆಲ್ಲಿನಿಂದ ಹನಿ ಉಳಿಯದಂತೆ ಒತ್ತಿ ತೆಗೆಯುವ ತಾಳ್ಮೆ ನಿಮಗಿದೆ. ಹಾಗಿದ್ದರೆ ಕೋಟಿಂಗ್ ಹಚ್ಚಿಸಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ: ತೊಳೆಯುವ ಶ್ರಮ ಅರ್ಧ ಇಳಿದು ಎರಡು ಮೂರು ವರ್ಷ ಹೊಳಪು ನಿಲ್ಲುತ್ತದೆ. ಐದು ವರ್ಷದ ಗ್ಯಾರಂಟಿ ಕಾರ್ಡಿನ ಹಿಂಬದಿ ಮಾತ್ರ ಓದಿಕೊಳ್ಳಿ. ಇಂತಿಷ್ಟು ತಿಂಗಳಿಗೊಮ್ಮೆ ಹಣ ಕೊಟ್ಟು ಮರುಲೇಪ ಮಾಡಿಸಿದರೆ ಎಂಬ ಷರತ್ತು ಸಣ್ಣಕ್ಷರದಲ್ಲಿರುತ್ತದೆ.

ಔರಾದಿನಿಂದ ಬೀದರಿಗೆ ದಿನಾ ಓಡುವ ಬಿಳಿ ಬಾಡಿಗೆ ಗಾಡಿಗೆ ಅದೇ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಬಯಲಿನಲ್ಲಿ ನಿಲ್ಲುತ್ತದೆ, ದಿನಾ ಒಣ ಬಟ್ಟೆಯ ಒರೆಸು ತಿನ್ನುತ್ತದೆ, ವಾಶಿಂಗ್ ಸೆಂಟರಿನಲ್ಲಿ ಬೋರ್‌ವೆಲ್ ನೀರು ಹೊಡೆಸಿಕೊಂಡು ಬಿಸಿಲಿನಲ್ಲಿ ತಾನಾಗಿ ಒಣಗುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಕೆಲವು ನೂರು ರೂಪಾಯಿಯ ಮೇಣ ಸಾಕು. 20 ಸಾವಿರ ಕೈಯಲ್ಲಿದ್ದರೆ ಮನೆ ಪಕ್ಕ ನಾಲ್ಕು ಕಂಬ ನೆಟ್ಟು ತಗಡು ಹೊದಿಸುವುದು ಮೇಲು. ಬಿಸಿಲೂ ಹಿಕ್ಕೆಯೂ ಒಟ್ಟಿಗೇ ತಪ್ಪುತ್ತವೆ, ಹನಿ ನಿಧಾನ ಒಣಗಿ ಒರೆಸಲು ಪುರಸೊತ್ತು ಸಿಗುತ್ತದೆ.

ಎರಡರ ನಡುವೆ ಇರುವವರು ಮೊದಲು ತಮ್ಮ ನೀರನ್ನು ಅಳೆಸಲಿ. ಫಿಲ್ಟರ್ ರಿಪೇರಿ ಮಾಡುವವರ ಜೇಬಿನಲ್ಲಿ ಟಿಡಿಎಸ್ ಮೀಟರ್ ಇರುತ್ತದೆ. ಕರಗಿದ ಒಟ್ಟು ಲವಣವನ್ನು ಅರೆನಿಮಿಷದಲ್ಲಿ ತೋರಿಸುತ್ತದೆ. ಅಂಕಿ 500 ದಾಟಿದ್ದರೆ ಕೊನೆಯ ಒಂದು ಬಕೆಟ್ಟನ್ನಾದರೂ ನಲ್ಲಿಯ ನೀರಿನದೋ ಹಿಡಿದಿಟ್ಟ ಮಳೆನೀರಿನದೋ ಮಾಡಿಕೊಳ್ಳಬೇಕು. ಇನ್ನು, ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಪೋಲು ಮಾಡಬಾರದೆಂದು ಡ್ರಮ್ಮಿನಲ್ಲಿ ಹಿಡಿದು ಅದರಲ್ಲೇ ಕಾರು ತೊಳೆಯುವ ಜಾಣರಿದ್ದಾರೆ. ಕುಡಿಯುವ ನೀರಿನಿಂದ ಯಂತ್ರ ತೆಗೆದ ಲವಣವೆಲ್ಲ ಸೇರಿಕೊಂಡಿರುವುದು ಆ ಡ್ರಮ್ಮಿನಲ್ಲೇ. ನೆಲ ತೊಳೆಯಲು, ಪಾಯಖಾನೆಗೆ ಅದು ಧಾರಾಳ ಆದೀತು.